ನೀಲಗಿರಿ ಹಲಗೆ: ಮೊದಲ ವಾರಗಳ ಜೋಪಾನ

ಹೋದ ಸಂಚಿಕೆಯಲ್ಲಿ ನೀಲಗಿರಿ ಮರದ ಬಗ್ಗೆ ನಾಲ್ಕು ಸಾಲು ಬರೆದಿದ್ದಕ್ಕೆ ಪತ್ರಗಳು ತುಂಬಾ ಬಂದಿವೆ. ಹೆಚ್ಚಿನವರ ದೂರು ಬಿರುಕಿನದ್ದೇ. ಹಾಗಾಗಿ ಈ ಸಲದ ಅಂಕಣ ಪೂರ್ತಿ ನೀಲಗಿರಿಗೆ.

ಪ್ರಶ್ನೆ: ಅಕ್ಕಾ, ನಮ್ಮ ಜಮೀನಿನ ನೀಲಗಿರಿ ಕಡಿಸಿ ಒಂದು ಇಂಚಿನ ಹಲಗೆ ಕುಯ್ಯಿಸಿದೆ. ಬೇಗ ಒಣಗಲಿ ಅಂತ ಬಿಸಿಲಿಗೆ ಹರಡಿದ್ದೆ. ವಾರ ಕಳೆಯುವುದರೊಳಗೆ ಮೈಮೇಲೆಲ್ಲ ಬಿರುಕು. ಕೆಲವು ಹಲಗೆಗಳಲ್ಲಿ ಅಲೆಅಲೆಯಾಗಿ ತಗ್ಗು ಬಿದ್ದಿದೆ. ಈ ಮರ ಸೌದೆಗೇ ಸರಿ ಅಂತ ಎಲ್ಲರೂ ಹೇಳುತ್ತಿದ್ದಾರೆ. ನಿಜವಾ?

ನಿಜ ಅಲ್ಲ. ನಾನು ಸಾಮಿಲ್ಲಿನಲ್ಲೇ ಬೆಳೆದವಳು. ನೀಲಗಿರಿಯಲ್ಲಿ ಮಾಡಿದ ಮೇಜು, ಬಾಗಿಲು, ನೆಲದ ಹಲಗೆ ಎಲ್ಲವನ್ನೂ ನೋಡಿದ್ದೇನೆ. ಗಟ್ಟಿ ಮರ, ಒಳ್ಳೆ ಬಣ್ಣದ ಮರ. ಅದನ್ನು ಸೌದೆಗೇ ಸರಿ ಅಂದಾಗ ನನಗೆ ಬೇಜಾರಾಗುತ್ತದೆ. ನಿಮ್ಮ ಹಲಗೆ ಕೆಟ್ಟಿದ್ದು ಬಿಸಿಲಿಗೆ ಹರಡಿದ್ದರಿಂದ.

ನೀಲಗಿರಿ ಅಂದರೆ ಒಂದೇ ಮರ ಅಲ್ಲ, ಅದನ್ನೂ ನೆನಪಿಡಿ. 700ಕ್ಕೂ ಹೆಚ್ಚು ಜಾತಿಗಳಿವೆ, ಹೆಚ್ಚುಕಡಿಮೆ ಎಲ್ಲವೂ ಆಸ್ಟ್ರೇಲಿಯಾ ಮೂಲದವು. ಗ್ರಾಂಡಿಸ್ ಸ್ವಲ್ಪ ಹಗುರ. ಕಮಾಲ್ಡುಲೆನ್ಸಿಸ್, ಟೆರೆಟಿಕಾರ್ನಿಸ್ ತೂಕದ ಮರಗಳು. ಗ್ಲಾಬ್ಯುಲಸ್, ರೆಗ್ನನ್ಸ್ ಒಣಗುವಾಗ ಜಾಸ್ತಿ ಕುಸಿಯುವಂಥವು. ಆದರೆ ಒಂದು ಗುಣ ಬಹುಪಾಲು ಎಲ್ಲಕ್ಕೂ ಇದೆ: ಒಳಗಿನ ನೀರನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಚೇಗಿನ ಭಾಗದಲ್ಲಿ, ಅಂದರೆ ಕಾಂಡದ ಒಳಗಿನ ಬಣ್ಣದ ಮರದಲ್ಲಿ, ನೀರು ಹರಿಯುವ ಕೊಳವೆಗಳು ಮುಚ್ಚಿಹೋಗಿರುತ್ತವೆ. ನೀರು ಕೋಶದಿಂದ ಕೋಶಕ್ಕೆ ನಿಧಾನವಾಗಿ ಜಿನುಗುತ್ತಾ ಮೇಲೆ ಬರಬೇಕು.

ಬಿಸಿಲಿಗೆ ಹಾಕಿದಾಗ ಮೇಲಿನ ಪದರ ಒಂದೆರಡು ದಿನದಲ್ಲೇ ಒಣಗಿ ಕುಗ್ಗಲು ನೋಡುತ್ತದೆ. ಒಳಗಿನ ಮರ ಇನ್ನೂ ಹಸಿ, ಅದು ಕುಗ್ಗುವುದಿಲ್ಲ. ಮೇಲಿನದಕ್ಕೆ ಬೇರೆ ದಾರಿ ಇಲ್ಲ, ಸೀಳುತ್ತದೆ. ನಿಮ್ಮ ಬಿರುಕು ಅದೇ.

ಆ ಅಲೆಅಲೆ ತಗ್ಗಿನ ಕಥೆ ಬೇರೆ. ಹಲಗೆಯನ್ನು ಕಿಟಕಿ ಹತ್ತಿರ ಒಯ್ದು, ಬೆಳಕು ಓರೆಯಾಗಿ ಬೀಳುವ ಹಾಗೆ ಹಿಡಿದು ನೋಡಿ. ಉದ್ದಕ್ಕೂ ಏರು, ತಗ್ಗು, ಏರು, ತಗ್ಗು ಕಾಣುತ್ತದೆ. ಬೆರಳನ್ನು ಅಡ್ಡಕ್ಕೆ ಎಳೆದರೆ ಕೈಗೂ ಸಿಗುತ್ತದೆ. ಅಂಚಿನಲ್ಲಿ ದಪ್ಪ ಅಳೆದರೆ ಒಂದು ಲೆಕ್ಕ, ನಡುವೆ ಅಳೆದರೆ ಇನ್ನೊಂದು. ಇದಕ್ಕೆ ಕುಸಿತ ಅನ್ನೋಣ. ತುಂಬಿದ ಕೋಶದಿಂದ ನೀರು ಹೊರಡುವಾಗ ಅದರ ಜಾಗಕ್ಕೆ ಗಾಳಿ ನುಗ್ಗಲು ದಾರಿ ಇಲ್ಲ. ಜ್ಯೂಸ್ ಪೊಟ್ಟಣಕ್ಕೆ ಸ್ಟ್ರಾ ಹಾಕಿ ಎಳೆದಾಗ ಪೊಟ್ಟಣ ಒಳಕ್ಕೆ ಮಡಚಿಕೊಳ್ಳುತ್ತದಲ್ಲ, ಹಾಗೆ ಕೋಶದ ಗೋಡೆಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ತೆಳು ಗೋಡೆಯ ಕೋಶಗಳು ಹೆಚ್ಚು ಕುಸಿಯುತ್ತವೆ, ದಪ್ಪ ಗೋಡೆಯವು ನಿಲ್ಲುತ್ತವೆ. ಏರುತಗ್ಗು ಬರುವುದು ಅದರಿಂದ. ಮರ ಬಿಸಿ ಇದ್ದಷ್ಟೂ ಗೋಡೆ ಮೆತ್ತಗೆ, ಕುಸಿತ ಜಾಸ್ತಿ. ಹಾಗಾಗಿ ಹಸಿ ಹಲಗೆಗೆ ಬಿಸಿಲು ಎರಡು ಕಡೆಯಿಂದ ಏಟು ಕೊಡುತ್ತದೆ.

ಕುಸಿದ ಹಲಗೆಯನ್ನು ಎಸೆಯಬೇಡಿ. ಅದನ್ನು ವಾಪಸ್ ಎಬ್ಬಿಸಲು ಬರುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ, ತಾಸ್ಮೇನಿಯಾ ಕಡೆಯ ಸಾಮಿಲ್ಲುಗಳಲ್ಲಿ ಇದು ಎಷ್ಟೋ ದಶಕಗಳಿಂದ ಮಾಮೂಲಿ ಕೆಲಸ. ಹಲಗೆಯ ತೇವಾಂಶ 15ರಿಂದ 20 ಶೇಕಡಾ ನಡುವೆ ಬಂದಾಗ, ಮುಚ್ಚಿದ ಕೋಣೆಯಲ್ಲಿಟ್ಟು 100 ಡಿಗ್ರಿ ಸೆಲ್ಸಿಯಸ್ ಹತ್ತಿರದ ಹಬೆ ಕೊಡುತ್ತಾರೆ. ಒಂದು ಇಂಚಿನ ಹಲಗೆಗೆ ಕೆಲವು ಗಂಟೆ ಸಾಕು. ಕೋಶದ ಗೋಡೆ ಮೆತ್ತಗಾಗಿ ಮತ್ತೆ ಉಬ್ಬುತ್ತದೆ, ಏರುತಗ್ಗು ಬಹುಪಾಲು ಹೋಗುತ್ತದೆ. ಆದರೆ ಬಿರುಕು ಬಿಟ್ಟಿದ್ದು ಕೂಡಿಕೊಳ್ಳುವುದಿಲ್ಲ. ಹಲಗೆಯ ಹೊಟ್ಟೆಯೊಳಗೆ ಸೀಳಿದ್ದರೂ ಅಷ್ಟೇ, ಮುಚ್ಚಿದ ಹಾಗೆ ಕಂಡರೂ ಬೆಸೆದಿರುವುದಿಲ್ಲ. ಹಬೆಗೆ ಖರ್ಚು ಮಾಡುವ ಮೊದಲು ಒಂದು ಹಲಗೆಯನ್ನು ನಡುವೆ ಅಡ್ಡ ಕತ್ತರಿಸಿ ಒಳಗೆ ನೋಡಿಬಿಡಿ.

ಮುಂದಿನ ಸಲಕ್ಕೆ ಹೀಗೆ ಮಾಡಿ. ಕುಯ್ದ ದಿನವೇ ಅಟ್ಟಿ ಕಟ್ಟಿ, ನಾಳೆಗೆ ಬಿಡಬೇಡಿ. ಅದಕ್ಕೂ ಮೊದಲು ಹಲಗೆಗಳ ಎರಡೂ ತುದಿಗೆ ಮೇಣವನ್ನೋ ದಪ್ಪ ಪೇಂಟನ್ನೋ ಬಳಿಯಿರಿ. ನೀರು ಮರದ ಉದ್ದಕ್ಕೆ ಅಡ್ಡಕ್ಕಿಂತ ಎಷ್ಟೋ ಪಟ್ಟು ಬೇಗ ಹೋಗುತ್ತದೆ, ತುದಿ ಮೊದಲು ಒಣಗಿ ಸೀಳುವುದು ಅದಕ್ಕೇ. ನೆರಳಿನಲ್ಲಿ, ನೆಲದಿಂದ ಒಂದು ಒಂದೂವರೆ ಅಡಿ ಎತ್ತರದಲ್ಲಿ, ಸಮತಟ್ಟಾದ ದಿಂಡುಗಳ ಮೇಲೆ ಅಟ್ಟಿ ನಿಲ್ಲಬೇಕು. ಪ್ರತಿ ಸಾಲಿನ ನಡುವೆ ಮುಕ್ಕಾಲು ಇಂಚು ದಪ್ಪದ ಒಣ ರೀಪು. ಒಣ ರೀಪೇ ಆಗಬೇಕು, ಹಸಿ ರೀಪು ಹಾಕಿದರೆ ಅದರ ಕೆಳಗೆ ಕಲೆ ಬೀಳುತ್ತದೆ. ಬೇರೆ ಮರಕ್ಕೆ ಎರಡು ಅಡಿಗೊಂದು ರೀಪು ನಡೆಯುತ್ತದೆ, ನೀಲಗಿರಿಗೆ ನಾನು ಒಂದೂವರೆ ಅಡಿ ಮೀರಲು ಬಿಡುವುದಿಲ್ಲ. ಮೇಲಿನ ರೀಪು ಕೆಳಗಿನ ರೀಪಿನ ನೇರಕ್ಕೇ ಬರಬೇಕು. ಒಂದು ಇಂಚು ಆಚೀಚೆ ಆದರೂ ಹಲಗೆ ಅಲ್ಲಿ ಬಳುಕಿ, ಹಾಗೇ ಒಣಗಿ ನಿಲ್ಲುತ್ತದೆ. ಅಟ್ಟಿಯ ನೆತ್ತಿಗೆ ಚೆನ್ನಾಗಿ ಭಾರ ಹೇರಿ, ಕಾಂಕ್ರೀಟ್ ಇಟ್ಟಿಗೆ ಆದೀತು.

ಮೊದಲ ವಾರಗಳಲ್ಲಿ ಗಾಳಿ ಬೀಸುವ ಕಡೆಗೆ ಗೋಣಿತಾಟೋ ಶೇಡ್ ನೆಟ್ಟೋ ಕಟ್ಟಿ. ಗಾಳಿ ಪೂರ್ತಿ ನಿಲ್ಲಬಾರದು, ಬರೀ ರಭಸ ಕಡಿಮೆ ಆಗಬೇಕು. ಟಾರ್ಪಾಲನ್ನು ಸುತ್ತ ಬಿಗಿದು ಕಟ್ಟಿದರೆ ಬೂಷ್ಟು ಹಿಡಿಯುತ್ತದೆ. ತೇವಾಂಶ 30 ಶೇಕಡಾಕ್ಕಿಂತ ಕೆಳಗೆ ಇಳಿದ ಮೇಲೆ ತಾಟು ತೆಗೆದುಬಿಡಿ, ಕುಸಿತದ ಭಯ ಅಲ್ಲಿಗೆ ಮುಗಿಯಿತು. ಆಮೇಲೆ ಒಂದಿಷ್ಟು ಅವಸರ ಮಾಡಿದರೂ ಈ ಮರ ತಾಳಿಕೊಳ್ಳುತ್ತದೆ.

ಎಷ್ಟು ಕಾಲ ಅಂತ ಕೇಳುತ್ತೀರಿ. ಒಂದು ಇಂಚಿನ ಹಲಗೆಗೆ ಹವೆ ಮತ್ತು ಜಾತಿ ನೋಡಿಕೊಂಡು ಕೆಲವು ತಿಂಗಳು. ಎರಡು ಇಂಚಿಗೆ ಅದರ ದುಪ್ಪಟ್ಟು ಅಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ, ವರ್ಷ ದಾಟಬಹುದು. ಹಾಗಾಗಿ ಬೇಡದ ದಪ್ಪಕ್ಕೆ ಕುಯ್ಯಿಸಲೇಬೇಡಿ.

ಪ್ರಶ್ನೆ: ಮರ ಬಿದ್ದ ಅರ್ಧ ಗಂಟೆಯಲ್ಲೇ ದಿಮ್ಮಿಯ ತುದಿ ಟಪ್ ಅಂತ ಸೀಳಿತು. ಒಣಗುವ ಮೊದಲೇ ಯಾಕೆ ಹೀಗೆ? ಕುಯ್ಯುವಾಗಲೂ ಹಲಗೆ ಬಿಲ್ಲಿನಂತೆ ಬಾಗಿತು.

ಇದಕ್ಕೂ ಒಣಗುವುದಕ್ಕೂ ಸಂಬಂಧ ಇಲ್ಲ. ಬೆಳೆಯುವ ಮರ ತನ್ನೊಳಗೇ ಬಿಗಿತ ಕಟ್ಟಿಕೊಳ್ಳುತ್ತದೆ. ಹೊರಗಿನ ಮರ ಉದ್ದಕ್ಕೆ ಎಳೆದು ಹಿಡಿದಿರುತ್ತದೆ, ನಡುವಿನ ಮರ ಒತ್ತಡದಲ್ಲಿ ಸಿಕ್ಕಿರುತ್ತದೆ. ಎಲ್ಲ ಮರದಲ್ಲೂ ಇದು ಇದೆ, ಬೇಗ ಬೆಳೆಯುವ ನೀಲಗಿರಿಯಲ್ಲಿ ಬಹಳ ಜಾಸ್ತಿ. ಗರಗಸ ಹಾಕಿ ಅಡ್ಡ ಕತ್ತರಿಸಿದ ಕೂಡಲೇ ಆ ಬಿಗಿತ ತುದಿಯಲ್ಲಿ ಬಿಡುಗಡೆ ಆಗುತ್ತದೆ, ನಡುವಿನಿಂದ ಸೀಳು ಹೊರಡುತ್ತದೆ. ಎಳೆ ಮರ, ಸಣ್ಣ ಸುತ್ತಳತೆಯ ದಿಮ್ಮಿಯಲ್ಲಿ ಕಾಟ ಇನ್ನೂ ಹೆಚ್ಚು. ಹಲಗೆಗೆ ಅಂತಲೇ ಬೆಳೆಸುವವರು ಮರ ದಪ್ಪ ಆಗುವವರೆಗೂ ಕಾಯಬೇಕು.

ದಿಮ್ಮಿಯನ್ನು ಸಾಧ್ಯವಾದಷ್ಟು ಉದ್ದಕ್ಕೇ ಇಟ್ಟುಕೊಳ್ಳಿ, ತುಂಡು ಮಾಡುವುದನ್ನು ಗರಗಸದ ಹತ್ತಿರ ಹೋದ ಮೇಲೆ ಮಾಡಿ. ತುದಿಗೆ ಕೂಡಲೇ ಮೇಣ ಬಳಿಯಿರಿ. ಕೆಲವರು ತುದಿಗೆ ಹಲ್ಲಿರುವ ಉಕ್ಕಿನ ಪಟ್ಟಿ ಬಡಿಯುತ್ತಾರೆ, ಸೀಳು ಅಗಲ ಆಗದಂತೆ ಅದು ತಡೆಯುತ್ತದೆ. ಕಡಿದ ದಿಮ್ಮಿಯನ್ನು ಬಿಸಿಲಲ್ಲಿ ಬಿಟ್ಟು ತಿಂಗಳುಗಟ್ಟಲೆ ಕಾಯುವ ಮಾತೇ ಬೇಡ. ಕುಯ್ಯಲು ತಡವಾಗುವುದಾದರೆ ನೀರು ಚಿಮುಕಿಸುತ್ತಾ ಒದ್ದೆಯಾಗಿಯೇ ಇಡಿ.

ಕುಯ್ಯುವಾಗ ಒಂದೇ ಕಡೆಯಿಂದ ಹಲಗೆ ತೆಗೆಯುತ್ತಾ ಹೋದರೆ ಉಳಿದ ದಿಮ್ಮಿ ಬಾಗಿಯೇ ಬಾಗುತ್ತದೆ. ಒಂದು ಹಲಗೆ ಈ ಕಡೆ, ದಿಮ್ಮಿ ತಿರುಗಿಸಿ ಮುಂದಿನದು ಎದುರು ಕಡೆ, ಹೀಗೆ ಸರಿತೂಗಿಸುತ್ತಾ ಹೋಗಬೇಕು. ತಿರುಗಿಸುವುದು ಕಷ್ಟ ಅಂತ ಮೆಷಿನ್ನಿನವರು ಗೊಣಗಬಹುದು. ಪಕ್ಕದಲ್ಲಿ ನಿಂತು ಮಾಡಿಸಿ. ನಡುತಿರುಳು ಯಾವ ಹಲಗೆಯಲ್ಲೂ ಉಳಿಯಬಾರದು, ಅದು ಇದ್ದ ಹಲಗೆ ಸೀಳುವುದು ಗ್ಯಾರಂಟಿ. ದಿಮ್ಮಿ ದೊಡ್ಡದಿದ್ದರೆ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಕುಯ್ಯಿಸಿ. ನೀಲಗಿರಿ ಉಂಗುರದ ಗುಂಟ ಕುಗ್ಗುವುದು ಅದಕ್ಕೆ ಅಡ್ಡವಾಗಿ ಕುಗ್ಗುವುದಕ್ಕಿಂತ ಸುಮಾರು ಎರಡು ಪಟ್ಟು. ಉಂಗುರ ನೆಟ್ಟಗೆ ನಿಂತ ಹಲಗೆ ಅಗಲದಲ್ಲಿ ಕಡಿಮೆ ಕುಗ್ಗುತ್ತದೆ, ಮುಖದ ಮೇಲಿನ ಬಿರುಕೂ ಕಡಿಮೆ.

ಪ್ರಶ್ನೆ: ಬಡಗಿ ಕೆಲಸ ಕಲಿಯುತ್ತಿದ್ದೇನೆ ಅಕ್ಕಾ. ಹಲಗೆ ಒಣಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮಾಯಿಶ್ಚರ್ ಮೀಟರ್ ಕೊಳ್ಳಲೇಬೇಕಾ?

ತಮ್ಮಾ, ಮೀಟರ್ ಇದ್ದರೆ ಅನುಕೂಲ, ಆದರೆ ಅದನ್ನೇ ನಂಬಿ ಕೂರಬೇಡಿ. ಸೂಜಿ ಚುಚ್ಚುವ ಮೀಟರ್ 7ರಿಂದ 25 ಶೇಕಡಾ ನಡುವೆ ಸರಿಯಾಗಿ ಹೇಳುತ್ತದೆ. ಅದಕ್ಕಿಂತ ಹಸಿ ಇದ್ದರೆ ಅದು ತೋರಿಸುವ ಸಂಖ್ಯೆಗೆ ಬೆಲೆ ಇಲ್ಲ. ಮರದ ಜಾತಿಗೆ ತಕ್ಕ ಹಾಗೆ ತಿದ್ದಿಕೊಳ್ಳಲೂ ಬೇಕು.

ತಕ್ಕಡಿ ಮೋಸ ಮಾಡುವುದಿಲ್ಲ. ಹಸಿ ಹಲಗೆಯ ತುದಿಯಿಂದ ಒಂದಡಿ ಒಳಗೆ ಬಂದು, ಅಲ್ಲಿಂದ ಒಂದು ಇಂಚು ಅಗಲದ ಪಟ್ಟಿ ಅಡ್ಡಕ್ಕೆ ಕತ್ತರಿಸಿ ತೆಗೆಯಿರಿ. ತುದಿಯದ್ದು ಆಗದು, ಅದು ಮೊದಲೇ ಒಣಗಿರುತ್ತದೆ. ಕೂಡಲೇ ತೂಗಿ ಬರೆದಿಡಿ. ಓವನ್ನಿನಲ್ಲಿ 103 ಡಿಗ್ರಿಗೆ ಇಟ್ಟು, ಆಗಾಗ ತೂಗುತ್ತಾ, ತೂಕ ಇಳಿಯುವುದು ನಿಲ್ಲುವವರೆಗೂ ಬಿಡಿ. ಹೆಚ್ಚುಕಡಿಮೆ ಒಂದು ದಿನ ಹಿಡಿಯುತ್ತದೆ. ಹಸಿ ತೂಕ 210 ಗ್ರಾಂ ಇತ್ತು, ಒಣಗಿದ ಮೇಲೆ 120 ಗ್ರಾಂ ಉಳಿಯಿತು ಅಂದುಕೊಳ್ಳಿ. ಹೋದ ನೀರು 90 ಗ್ರಾಂ. ಅದನ್ನು 120ರಿಂದ ಭಾಗಿಸಿದರೆ 75 ಶೇಕಡಾ. ಮರದ ಲೆಕ್ಕದಲ್ಲಿ ಯಾವಾಗಲೂ ಒಣ ತೂಕದಿಂದಲೇ ಭಾಗಿಸುವುದು. ಹಾಗಾಗಿ ಹಸಿ ನೀಲಗಿರಿ 100 ಶೇಕಡಾ ದಾಟಿದರೂ ಗಾಬರಿ ಬೇಡ.

ಇನ್ನು ಪಟ್ಟಿ ತೆಗೆದ ಜಾಗದ ಪಕ್ಕದಿಂದಲೇ ಎರಡು ಮೂರು ಅಡಿ ಉದ್ದದ ತುಂಡು ಕತ್ತರಿಸಿ, ತುದಿಗಳಿಗೆ ಮೇಣ ಬಳಿದು ತೂಗಿ. ಅದು 3,500 ಗ್ರಾಂ ಇದ್ದರೆ, 1.75ರಿಂದ (ಒಣ ಮರ 1, ಅದರ 75 ಶೇಕಡಾ ನೀರು 0.75) ಭಾಗಿಸಿದಾಗ ಅದರ ಒಣ ತೂಕ 2,000 ಗ್ರಾಂ ಅಂತ ಗೊತ್ತಾಗುತ್ತದೆ. ಆ ತುಂಡನ್ನು ಅಟ್ಟಿಯ ನಡುವೆ, ಎಳೆದು ತೆಗೆಯಲು ಬರುವ ಹಾಗೆ ಇಡಿ. ಆಮೇಲೆ ಆಗಾಗ ತೆಗೆದು ತೂಗುವುದಷ್ಟೇ ಕೆಲಸ. 2,600 ಗ್ರಾಂಗೆ ಬಂದರೆ 30 ಶೇಕಡಾ, ತಾಟು ತೆಗೆಯುವ ಹೊತ್ತು. 2,240ಕ್ಕೆ ಬಂದರೆ 12 ಶೇಕಡಾ, ಮನೆಯೊಳಗಿನ ಪೀಠೋಪಕರಣಕ್ಕೆ ತಯಾರು. ಈ ತುಂಡನ್ನೂ ಒಂದು ಚಿಕ್ಕ ನೋಟ್‌ಬುಕ್ಕನ್ನೂ ಇಟ್ಟುಕೊಂಡವರಿಗೆ ಮರ ಒಣಗಿಸುವುದು ಕಣ್ಣೆದುರು ಕಾಣುವ ಕೆಲಸ ಆಗುತ್ತದೆ. ಕಲಿಯುವ ವಯಸ್ಸಿನಲ್ಲೇ ಇದನ್ನು ರೂಢಿ ಮಾಡಿಕೊಳ್ಳಿ.

ಪ್ರಶ್ನೆ: ಚಿಕ್ಕ ಡ್ರೈಯಿಂಗ್ ಚೇಂಬರ್ ಕಟ್ಟಿಸಿದ್ದೇವೆ. ಹಸಿ ನೀಲಗಿರಿಯನ್ನು ನೇರ ಅದಕ್ಕೇ ಹಾಕಬಹುದಾ?

ಹಾಕಬಹುದು, ಆದರೆ ನಾನು ಹಾಕುವುದಿಲ್ಲ. ಮೊದಲು ಹೊರಗೆ ನೆರಳಿನಲ್ಲಿ 25–30 ಶೇಕಡಾಕ್ಕೆ ಇಳಿಸಿ, ಆಮೇಲೆ ಚೇಂಬರಿಗೆ ಹಾಕುವುದು ಈ ಮರಕ್ಕೆ ಒಗ್ಗಿದ ಕ್ರಮ. ಹಸಿಯಾಗೇ ಹಾಕಲೇಬೇಕಾದರೆ ಶುರುವಿನಲ್ಲಿ ಉಷ್ಣತೆ 40–45 ಡಿಗ್ರಿ ದಾಟದಿರಲಿ, ಒಳಗಿನ ಗಾಳಿ ಚೆನ್ನಾಗಿ ತೇವ ಇರಲಿ, ಫ್ಯಾನ್ ನಿಧಾನ ಇರಲಿ. 30 ಶೇಕಡಾ ಕೆಳಗೆ ಹೋದ ಮೇಲೆ 60 ಡಿಗ್ರಿ ಆಚೆಗೂ ಏರಿಸಬಹುದು. ಕೊನೆಯಲ್ಲಿ ಸ್ವಲ್ಪ ಹೊತ್ತು ಮತ್ತೆ ತೇವದ ಗಾಳಿ ಕೊಡಿ, ಹಲಗೆಯೊಳಗೆ ಉಳಿದ ಬಿಗಿತ ಸಡಿಲ ಆಗುತ್ತದೆ. ಇಲ್ಲದಿದ್ದರೆ ಉದ್ದಕ್ಕೆ ಸೀಳಿದಾಗ ಹಲಗೆ ಗರಗಸವನ್ನೇ ಕಚ್ಚಿ ಹಿಡಿಯುತ್ತದೆ, ಅದು ಅಪಾಯ.

ಬಿಸಿಲಿನ ಶಾಖದಲ್ಲಿ ನಡೆಯುವ ಸೋಲಾರ್ ಚೇಂಬರ್ ಈ ಮರಕ್ಕೆ ತುಂಬಾ ಹೊಂದುತ್ತದೆ. ಹಗಲು ಒಣಗುತ್ತದೆ, ರಾತ್ರಿ ತಣ್ಣಗಾಗಿ ಒಳಗಿನ ನೀರು ಮೇಲ್ಮೈಗೆ ಬರಲು ಸಮಯ ಸಿಗುತ್ತದೆ. ಆ ರಾತ್ರಿಯ ಬಿಡುವು ನೀಲಗಿರಿಗೆ ಬೇಕು.

ಪ್ರಶ್ನೆ: ಬೇಲಿಗೆ ನೀಲಗಿರಿ ಗೂಟ ಹಾಕಿದರೆ ಬೇಗ ಕೊಳೆಯುತ್ತದೆ. ಒಣಗಿಸಿ ಹಾಕಿದರೆ ಬಾಳುತ್ತದಾ? ಮನೆಯೊಳಗೆ ಇಟ್ಟ ಹಲಗೆಯ ಅಂಚಿನಿಂದ ಹಿಟ್ಟಿನಂಥ ಪುಡಿಯೂ ಉದುರುತ್ತಿದೆ.

ಎರಡಕ್ಕೂ ಹೊರಗಿನ ಬಿಳಿ ಭಾಗವೇ ಕಾರಣ. ಪುಡಿ ಉದುರಿಸುವ ಕುಟ್ಟೆ ಹುಳ ತಿನ್ನುವುದು ಆ ಭಾಗದಲ್ಲಿರುವ ಪಿಷ್ಟವನ್ನು. ಚೇಗಿಗೆ ಅದು ಬರುವುದಿಲ್ಲ. ಹಲಗೆಗಳಿಗೆ ಸುಲಭದ ದಾರಿ ಬಿಳಿ ಭಾಗವನ್ನು ಕುಯ್ದು ತೆಗೆಯುವುದು. ಅದನ್ನು ಉಳಿಸಿಕೊಳ್ಳಬೇಕಾದರೆ ಕುಯ್ದ ಹಸಿ ಹಲಗೆಯನ್ನೇ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಅದ್ದಿ, ಅಟ್ಟಿ ಕಟ್ಟಿ, ಪ್ಲಾಸ್ಟಿಕ್ ಹೊದಿಸಿ ಕೆಲವು ವಾರ ಬಿಡಿ. ಬೋರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು. ಮರ ಹಸಿ ಇದ್ದಾಗಲೇ ಈ ಔಷಧ ಮರದೊಳಗಿನ ನೀರಿನ ಜೊತೆ ಒಳಗೆ ಇಳಿಯುತ್ತದೆ, ಒಣಗಿದ ಮೇಲೆ ಬಳಿದರೆ ಮೇಲೆಯೇ ನಿಲ್ಲುತ್ತದೆ. ಕೈಗವಸು ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ಮಳೆಗೆ ಸಿಗುವ ಮರಕ್ಕೆ ಇದು ಪ್ರಯೋಜನ ಇಲ್ಲ, ತೊಳೆದುಹೋಗುತ್ತದೆ.

ಗೂಟ ಬರೀ ಒಣಗಿಸಿದರೆ ಬಾಳುವುದಿಲ್ಲ. ಮಣ್ಣಿಗೆ ಇಳಿದ ಮೇಲೆ ಮತ್ತೆ ನೀರು ಕುಡಿಯುತ್ತದೆ, ಗೆದ್ದಲೂ ಬರುತ್ತದೆ. ಔಷಧ ಒಳಗೆ ಹೋಗಬೇಕು. ಇಲ್ಲಿ ಬಿಳಿ ಭಾಗ ನಮಗೆ ನೆರವಿಗೆ ಬರುತ್ತದೆ, ಯಾಕೆಂದರೆ ಔಷಧ ಹೀರುವುದು ಅದೊಂದೇ. ಚೇಗು ಹೀರುವುದಿಲ್ಲ. ಹಾಗಾಗಿ ಗೂಟವನ್ನು ಚೌಕಕ್ಕೆ ಕೆತ್ತಬೇಡಿ, ದುಂಡಗೇ ಇರಲಿ. ಕಡಿದ ದಿನವೇ ತೊಗಟೆ ಸುಲಿಯಿರಿ. ಹಸಿ ಇದ್ದಾಗ ಉದ್ದುದ್ದ ಪಟ್ಟೆಯಾಗಿ ಬರುತ್ತದೆ, ವಾರ ಬಿಟ್ಟರೆ ಕೊಡಲಿಯಲ್ಲಿ ಹೆರೆಯಬೇಕು. ಒತ್ತಡದ ಟ್ಯಾಂಕಿನಲ್ಲಿ ಔಷಧ ಹಾಕಿಸುವುದಾದರೆ ಮೊದಲು ನೆರಳಿನಲ್ಲಿ ಚೆನ್ನಾಗಿ ಒಣಗಿಸಿಕೊಳ್ಳಿ, ನೀರು ತುಂಬಿದ ಕೋಶಕ್ಕೆ ಔಷಧ ಹೋಗಲು ಜಾಗ ಇರುವುದಿಲ್ಲ. ಟ್ಯಾಂಕ್ ಇಲ್ಲದವರಿಗೆ ಹಸಿ ಗೂಟದ ರಸವನ್ನೇ ತಳ್ಳಿ ಔಷಧ ತುಂಬುವ ಹಳೆ ವಿಧಾನ ಇದೆ. ಫ್ರಾನ್ಸಿನ ಬೂಷರಿ ಎಂಬವರು 1838ರ ಹೊತ್ತಿಗೆ ತಾಮ್ರದ ಉಪ್ಪು ಬಳಸಿ ಇದನ್ನು ರೂಢಿಗೆ ತಂದರು. ಔಷಧ ವಿಷ, ಅದರ ಚೀಟಿಯಲ್ಲಿ ಬರೆದಷ್ಟೇ ಬಳಸಿ. ಔಷಧ ಹಾಕಿದ ಮರದ ಚೂರನ್ನು ಒಲೆಗೆ ಹಾಕಲೇಬಾರದು.

ಪ್ರಶ್ನೆ: ನೀಲಗಿರಿಯಲ್ಲಿ ಬಟ್ಟಲು ಕಡೆಯುವ ಆಸೆ. ಕಡೆದದ್ದೆಲ್ಲ ಸೀಳುತ್ತದೆ.

ಎರಡು ಸಲ ಕಡೆಯಿರಿ. ಹಸಿಯಲ್ಲೇ ಒರಟಾಗಿ ಕಡೆದು, ಗೋಡೆಯ ದಪ್ಪ ಬಟ್ಟಲಿನ ಅಗಲದ ಹತ್ತನೇ ಒಂದು ಭಾಗದಷ್ಟು ಬಿಡಿ. ಅಡ್ಡ ಎಳೆ ಕಾಣುವ ಕಡೆ ಮೇಣ ಬಳಿದು, ಕಾಗದದ ಚೀಲದಲ್ಲಿ ಸುತ್ತಿ ತಂಪು ಜಾಗದಲ್ಲಿಡಿ. ತೂಕ ಇಳಿಯುವುದು ನಿಂತ ಮೇಲೆ ಎರಡನೇ ಸಲ ಕಡೆದು ಮುಗಿಸಿ. ನಡುತಿರುಳು ಬಟ್ಟಲಿನಲ್ಲಿ ಬರದ ಹಾಗೆ ನೋಡಿಕೊಳ್ಳಿ.

ಪ್ರಶ್ನೆ: ಉಳಿದ ಕೊಂಬೆ, ಚೂರುಗಳನ್ನು ಸೌದೆ ಮಾಡೋಣ ಅಂತಿದ್ದೇವೆ. ಇದ್ದಿಲೂ ಸುಡಬಹುದಾ? ಅದಕ್ಕೂ ಇಷ್ಟೆಲ್ಲ ಜೋಪಾನ ಬೇಕಾ?

ಸೌದೆಗೆ ಈ ಜೋಪಾನ ಯಾವುದೂ ಬೇಡ, ಸೀಳಿದಷ್ಟೂ ಒಳ್ಳೆಯದೇ. ಬಿಸಿಲಿಗೆ, ಗಾಳಿಗೆ ಧಾರಾಳವಾಗಿ ಬಿಡಿ. ಆದರೆ ಒಡೆಯುವುದನ್ನು ಹಸಿ ಇದ್ದಾಗಲೇ ಮುಗಿಸಿ. ಇದರ ಎಳೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಒಣಗಿದ ಮೇಲೆ ಕೊಡಲಿ ಹಾರಿ ಬರುತ್ತದೆ. ಒಡೆದ ಸೌದೆಯನ್ನು ನೆಲಕ್ಕೆ ತಾಗದ ಹಾಗೆ ಒಟ್ಟಿ, ನೆತ್ತಿ ಮಾತ್ರ ಮುಚ್ಚಿ, ಪಕ್ಕಗಳನ್ನು ತೆರೆದಿಡಿ. 20 ಶೇಕಡಾಕ್ಕಿಂತ ಕೆಳಗೆ ಬಂದ ಸೌದೆ ಚೆನ್ನಾಗಿ ಉರಿಯುತ್ತದೆ. ಹಸಿಯದ್ದು ಉರಿಸಿದರೆ ಶಾಖದ ದೊಡ್ಡ ಪಾಲು ನೀರನ್ನು ಆವಿ ಮಾಡುವುದರಲ್ಲೇ ಹೋಗುತ್ತದೆ, ಹೊಗೆ ಕಣ್ಣಿಗೂ ಎದೆಗೂ ಹೊಡೆಯುತ್ತದೆ, ಚಿಮಣಿಯೊಳಗೆ ಡಾಂಬರಿನಂಥ ಕರಿ ಕಟ್ಟುತ್ತದೆ. ಅಡುಗೆ ಮಾಡುವವರ ಎದೆ ಮುಖ್ಯ, ದಯವಿಟ್ಟು ಒಣಗಿದ್ದನ್ನೇ ಕೊಡಿ.

ಇದ್ದಿಲಿಗೆ ನೀಲಗಿರಿ ಬಹಳ ಒಳ್ಳೆ ಮರ. ಬ್ರೆಜಿಲ್‌ನಲ್ಲಿ ಕಬ್ಬಿಣ ಕರಗಿಸುವ ಕುಲುಮೆಗಳಿಗೇ ನೆಡುತೋಪಿನ ನೀಲಗಿರಿ ಇದ್ದಿಲು ಹೋಗುತ್ತದೆ. ಅಲ್ಲೂ ದಿಮ್ಮಿಗಳನ್ನು ತಿಂಗಳುಗಟ್ಟಲೆ ಬಯಲಲ್ಲಿ ಒಣಗಿಸಿಯೇ ಗೂಡಿಗೆ ಹಾಕುವುದು. ಹಸಿ ಹಾಕಿದರೆ ಆ ನೀರನ್ನು ಓಡಿಸಲು ನಿಮ್ಮ ಮರವೇ ಉರಿದು ಬೂದಿ ಆಗುತ್ತದೆ, ಇದ್ದಿಲು ಕಡಿಮೆ ಸಿಗುತ್ತದೆ. ಒಂದೇ ದಪ್ಪದ ತುಂಡುಗಳನ್ನು ಒಟ್ಟಿಗೆ ಸುಡಿ. ದಪ್ಪದ್ದೂ ತೆಳುವಿನದ್ದೂ ಬೆರೆಸಿದರೆ ತೆಳುವು ಬೂದಿ ಆಗುವ ಹೊತ್ತಿಗೆ ದಪ್ಪದ್ದು ಒಳಗೆ ಇನ್ನೂ ಮರವಾಗಿಯೇ ಇರುತ್ತದೆ.